ಮೂರು ಈರುಳ್ಳಿ ಇಟ್ಟು ಆರಿಸಿದ ಸ್ಕೋಪು

ನನ್ನ ಮಾತನ್ನು ನಂಬದವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಚಿಕ್ಕಂದಿನಿಂದಲೂ ಹಾಗೆಯೇ. ತೊಂಬತ್ತರ ದಶಕದ ನಡುವಿನ ಒಂದು ಜನವರಿಯಲ್ಲಿ, ಮೈಸೂರಿನಿಂದ ಬಂದಿದ್ದ ಹಕ್ಕಿ ಎಣಿಸುವವರ ತಂಡದ ಮುಖ್ಯಸ್ಥರು ಕುದೇರಿನ ಹತ್ತಿರದ ಕೆರೆ ಏರಿಯ ಮೇಲೆ ನಿಂತು, ನಾನು ಪಟ್ಟಿಯಲ್ಲಿ ಬರೆದಿದ್ದ ಒಂದು ಸಾಲನ್ನು ಪೆನ್ನಿನಿಂದ ಹೊಡೆದುಹಾಕಿದರು. ಆ ಸಾಲನ್ನು ಮತ್ತೆ ಬರೆಸುವುದಕ್ಕೆ ನನಗೆ ಪೂರಾ ಒಂದು ವರ್ಷ ಹಿಡಿಯಿತು.

ಆಗ ನಾನು ಚಾಮರಾಜನಗರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಸೇರಿದ ಮನೆ ಗುಂಡ್ಲುಪೇಟೆ, ತವರು ಕುದೇರು. ದಿನಾ ಬಸ್ಸಿನಲ್ಲಿ ಹೋಗಿಬಂದು ಮಾಡುತ್ತಿದ್ದೆ, ರಜೆ ಸಿಕ್ಕಿದರೆ ತವರಿಗೆ ಓಡುತ್ತಿದ್ದೆ. ತವರು ಅನ್ನುವುದು ನೆಪ, ನಿಜವಾಗಿ ಓಡುತ್ತಿದ್ದದ್ದು ಕೆರೆಗೆ. ಮದುವೆಯಾಗಿ ಎರಡು ವರ್ಷಕ್ಕೇ ನನಗೆ ಹಕ್ಕಿಯ ಹುಚ್ಚು ಹಿಡಿದಿತ್ತು. ಮೈಸೂರು ದಸರಾ ವಸ್ತುಪ್ರದರ್ಶನದಲ್ಲಿ ಕೊಂಡ ಒಂದು ಬೈನಾಕ್ಯುಲರ್ ನನ್ನ ಹತ್ತಿರ ಇತ್ತು. ಅದರಲ್ಲಿ ನೋಡಿದರೆ ಒಂದು ಕೊಕ್ಕರೆ ಎರಡಾಗಿ ಕಾಣುತ್ತಿತ್ತು.

ಆ ಎಣಿಕೆಗೆ ಒಂದು ವಾರ ಮುಂಚೆ, ಅತ್ತಿಗೆಯ ಜೊತೆ ಅವರೆಕಾಯಿ ಕೀಳಲು ಕೆರೆಯ ಹಿಂಬದಿಯ ಹೊಲಕ್ಕೆ ಹೋಗಿದ್ದಾಗ ಅವು ಕಂಡಿದ್ದವು. ಬೂದು ಮೈ, ಹಳದಿ ಕಾಲು, ಬಿಳಿ ತಲೆ, ಆ ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತು. ಪುಸ್ತಕದಲ್ಲಿ ನೂರು ಸಲ ನೋಡಿದ್ದ ಹಕ್ಕಿ ನಮ್ಮೂರ ಕೆಸರಿನಲ್ಲಿ ನಿಂತಿತ್ತು. ಎಣಿಸಿದೆ, ಹನ್ನೊಂದು. ಅವರೆಕಾಯಿ ಬುಟ್ಟಿ ಅಲ್ಲೇ ಇಟ್ಟು ಅತ್ತಿಗೆಯ ಕೈ ಹಿಡಿದು ಕುಣಿದಿದ್ದೆ. ಅತ್ತಿಗೆ, "ಬಾತುಕೋಳಿಗ್ಯಾಕೆ ಇಂಗಾಡ್ತೀಯವ್ವ" ಎಂದು ನಕ್ಕಿದ್ದರು.

ಎಣಿಕೆಯ ದಿನ ಮೈಸೂರಿನವರು ಕೆರೆಗೆ ಬಂದಾಗ ಹನ್ನೊಂದು ಗಂಟೆ. ಅವರ ನೆರವಿಗೆ ನಮ್ಮ ಶಾಲೆಯಿಂದ ಮೂವರು ಸೇರಿದ್ದೆವು, ಪಟ್ಟಿ ಬರೆಯುವುದು ನನ್ನ ಪಾಲಿಗೆ ಬಂದಿತ್ತು. ಬಿಸಿಲು ನೆತ್ತಿಗೇರುತ್ತಿತ್ತು. ನಮ್ಮ ಕಡೆ ಬತ್ತದ ಕೊಯ್ಲು ಮುಗಿದ ಮೇಲೆ ತಮಿಳುನಾಡಿನ ಕಡೆಯಿಂದ ಬಾತು ಮೇಯಿಸುವವರು ನೂರಾರು ಬಾತುಗಳನ್ನು ಹೊಡೆದುಕೊಂಡು ಬರುತ್ತಾರೆ, ಗದ್ದೆಯಲ್ಲಿ ಉದುರಿದ ಕಾಳು ಮೇಯಿಸಿ ಕೆರೆಗೆ ಇಳಿಸುತ್ತಾರೆ. ಅವತ್ತೂ ಒಂದು ದೊಡ್ಡ ಹಿಂಡು ನೀರಿನಲ್ಲಿ ಗದ್ದಲ ಮಾಡುತ್ತಿತ್ತು. ನನ್ನ ಹೆಬ್ಬಾತುಗಳು ಅದಕ್ಕೆ ಹೆದರಿ ಎದುರು ದಡದ ಕೆಸರುದಿಣ್ಣೆಗೆ ಸರಿದಿದ್ದವು. ಬಿಸಿಲಿನ ಝಳದಲ್ಲಿ ಆ ದಡವೆಲ್ಲ ಕುದಿಯುವ ಎಸರಿನ ಹಾಗೆ ನಡುಗುತ್ತಿತ್ತು.

ಮುಖ್ಯಸ್ಥರು ಕಾಲೇಜು ಮೇಷ್ಟರು. ಕತ್ತಿನಲ್ಲಿ ಒಳ್ಳೆಯ ಬೈನಾಕ್ಯುಲರ್, ತಲೆಗೆ ಟೋಪಿ. ಒಂದೇ ಒಂದು ಸಲ ನೋಡಿದರು.

"ಮೇಡಂ, ಇವು ಸಾಕಿದ ಬಾತು. ಆಚೆ ದಡದಲ್ಲಿ ಕಾಣ್ತಿರೋದೂ ಇದೇ ಹಿಂಡಿನವು."

"ಅಲ್ಲ ಸಾರ್, ನಾನು ಹತ್ತಿರದಿಂದ ನೋಡಿದೀನಿ. ತಲೆ ಮೇಲೆ ಪಟ್ಟೆ ಇದೆ."

"ಹೊಸಬರಿಗೆ ಹಾಗೆ ಅನ್ನಿಸತ್ತೆ," ಎಂದು ನಕ್ಕು ನನ್ನ ಸಾಲಿಗೆ ಗೆರೆ ಎಳೆದರು. ಬೈದಿದ್ದರೆ ನಾಲ್ಕು ಮಾತು ತಿರುಗಿ ಅಂದು ಹಗುರಾಗುತ್ತಿದ್ದೆ. ಆ ಮನುಷ್ಯ ಮಗುವಿಗೆ ಸಮಾಧಾನ ಮಾಡುವ ಹಾಗೆ ನಕ್ಕರು. ನಾನು ದಿನಕ್ಕೆ ಆರು ಪೀರಿಯಡ್ ನಿಂತು ಪಾಠ ಮಾಡುವವಳು, ಪಕ್ಕದಲ್ಲಿ ನನ್ನದೇ ಶಾಲೆಯ ಇಬ್ಬರು ಮೇಷ್ಟರು ನಿಂತಿದ್ದರು. 

ಗುಂಡ್ಲುಪೇಟೆಗೆ ವಾಪಸು ಬಂದು ಪಾತ್ರೆಗಳನ್ನು ದಡದಡ ಇಡುತ್ತಿದ್ದವಳನ್ನು ಕಂಡು ನಮ್ಮ ಮಾವ ವಿಚಾರಿಸಿದರು. ಮಾವನಿಗೆ ಹೆದ್ದಾರಿಯ ಪಕ್ಕದಲ್ಲಿ ಈರುಳ್ಳಿ ಮಂಡಿ. ಹಕ್ಕಿ ಅಂದರೆ ಅವರಿಗೆ ಕಾಗೆ, ಗುಬ್ಬಿ ಮತ್ತು ಕೋಳಿ, ಅಷ್ಟೇ. ಆದರೆ ನನ್ನ ಕತೆ ಕೇಳಿದ್ದೇ ಊಟದ ತಟ್ಟೆಯಿಂದ ಕೈ ತೆಗೆದರು.

"ಅದ್ಯಾವನವ್ವ ಅವ್ನು, ನಮ್ ಮನೆ ಎಣ್ಮಗಳು ಬರ್ದುದ್ದ ಒಡ್ದಾಕ್ದೋನು?"

"ಬಿಡಿ ಮಾವ."

"ಏನ್ ಬುಡಾದು? ನೀ ಕಣ್ಣಾರ ಕಂಡಿದ್ದೀಯೋ ಇಲ್ವೋ ಅಷ್ಟು ಏಳು."

"ಕಂಡಿದ್ದೀನಿ."

"ಅಂಗಾರೆ ಬರೋ ವರ್ಸ ಅವ್ನ ಕಣ್ಗೇ ತೋರುಸ್ಬುಡನ. ಅದ್ಕೆ ಏನ್ ಸಾಮಾನು ಬೇಕು ಅದ ನೋಡು."

ಬೇಕಾದ ಸಾಮಾನು ಯಾವುದು ಎಂದು ನನಗೆ ಗೊತ್ತಿತ್ತು. ಒಂದೇ ಕಣ್ಣಿನಲ್ಲಿ ನೋಡುವ, ಮೊಳದುದ್ದದ ಸ್ಪಾಟಿಂಗ್ ಸ್ಕೋಪ್. ಅದನ್ನು ಪತ್ರಿಕೆಯ ಚಿತ್ರದಲ್ಲಿ ಮಾತ್ರ ನೋಡಿದ್ದೆ. ಮೈಸೂರಿನ ಅಂಗಡಿಗಳಲ್ಲಿ ಕೇಳಿದರೆ ನಕ್ಷತ್ರ ನೋಡುವ ದುರ್ಬೀನು ತೋರಿಸಿದರು, ಇಲ್ಲವೆಂದರೆ ಕ್ಯಾಮೆರಾ ತೋರಿಸಿದರು. ನಮ್ಮನೆಯವರು, "ದಸರಾದಲ್ಲಿ ಇನ್ನೊಂದು ಬೈನಾಕ್ಯುಲರ್ ತಗೋ, ಆಗ ನಾಲ್ಕು ಕೊಕ್ಕರೆ ಕಾಣತ್ತೆ" ಎಂದು ರೇಗಿಸಿದರು. ಎರಡು ದಿನ ಅವರ ಜೊತೆ ಮಾತು ಬಿಟ್ಟಿದ್ದೆ.

ದಾರಿ ತೆಗೆದವರು ಮಾವನೇ. ಅವರಿಂದ ಈರುಳ್ಳಿ ಕೊಳ್ಳುತ್ತಿದ್ದ ಕೇರಳದ ಸುಲ್ತಾನ್ ಬತ್ತೇರಿಯ ವ್ಯಾಪಾರಿಯೊಬ್ಬರು ವಾರಕ್ಕೆರಡು ಸಲ ಲಾರಿ ತರುತ್ತಿದ್ದರು. ಅವರ ಊರಿನಲ್ಲಿ ಗಲ್ಫ್‌ನಿಂದ ಬಂದ ಸಾಮಾನು ಮಾರುವ ಅಂಗಡಿಗಳಿದ್ದವು. ಮಾವ ಅವರಿಗೆ ಹೇಳಿಟ್ಟು ತಿಂಗಳುಗಟ್ಟಲೆ ಬೆನ್ನು ಹತ್ತಿದರು. ಮಳೆಗಾಲ ಕಳೆದ ಮೇಲೆ ಒಂದು ಶನಿವಾರ ನಾನು ಶಾಲೆ ಮುಗಿಸಿ ಬಂದಾಗ ಮಂಡಿಯ ಮೇಜಿನ ಮೇಲೆ ಒಂದಲ್ಲ, ಎರಡು ಸ್ಕೋಪ್ ಇದ್ದವು. ಒಂದನ್ನು ಆರಿಸಿಕೊಂಡು ಇನ್ನೊಂದನ್ನು ಅವತ್ತೇ ಲಾರಿಯಲ್ಲಿ ವಾಪಸು ಕಳಿಸಬೇಕು ಎಂದು ಮಾತಾಗಿತ್ತು.

ಒಂದು ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಚರ್ಮದ ಚೀಲ, ಮಡಚುವ ಪುಟ್ಟ ಸ್ಟ್ಯಾಂಡು, ತಿರುಗಿಸಿದರೆ ಇಪ್ಪತ್ತರಿಂದ ಅರವತ್ತು ಪಟ್ಟು ದೊಡ್ಡದು ಮಾಡುವ ಬಳೆ. ಇನ್ನೊಂದು ಹಸಿರು ಬಣ್ಣದ ದಡಿಯ. ಮೈಮೇಲೆ ಗೀರು, ಬಣ್ಣ ಹೋದ ಮೂತಿ, ಚೀಲವಿಲ್ಲ, ಸ್ಟ್ಯಾಂಡಿಲ್ಲ. ತಿರುಗಿಸುವುದಕ್ಕೆ ಬಳೆಯೂ ಇಲ್ಲ, ಇಪ್ಪತ್ತೈದು ಪಟ್ಟು ಅಂದರೆ ಇಪ್ಪತ್ತೈದೇ. ಮುಂದಿನ ಗಾಜು ಮಾತ್ರ ಕಾಫಿ ಲೋಟದ ಬಾಯಿಯಷ್ಟು ಅಗಲ.

"ಟೀಚರೇ, ಇದ್ ಅರುವತ್ತು ಪವರ್," ಎಂದು ವ್ಯಾಪಾರಿ ಕರಿಯದನ್ನು ಕೈಗಿತ್ತರು. "ಆ ಬೆಟ್ಟದ್ ಮೇಲೆ ಇರುವೆ ನಡೆದ್ರೂ ಕಾಣತ್ತೆ."

ಸ್ಕೋಪನ್ನು ಹೆದ್ದಾರಿಯ ಕಡೆ ತಿರುಗಿಸಿದೆ. ಬಸ್ ಸ್ಟ್ಯಾಂಡಿನಿಂದ ಹೊರಡುತ್ತಿದ್ದ ಊಟಿ ಬಸ್ಸಿನ ಡ್ರೈವರ್ ಗಡ್ಡ ಕೆರೆದುಕೊಳ್ಳುವುದು ಕಂಡಿತು. ಅಷ್ಟು ಸಾಕಾಯಿತು. ಹಮಾಲಿಗಳು, ಗುಮಾಸ್ತೆ, ಲಾರಿ ಕ್ಲೀನರ್, ಎಲ್ಲರೂ ಸರದಿಯಲ್ಲಿ ನೋಡಿ ಡ್ರೈವರನ ಗಡ್ಡಕ್ಕೆ ಮಾರುಹೋದರು. ಮಂಡಿಯಲ್ಲಿದ್ದವರೆಲ್ಲರ ಓಟು ಅರವತ್ತಕ್ಕೇ ಬಿತ್ತು.

ನಾನೂ ಅರವತ್ತಕ್ಕೇ ಬಿದ್ದೆ. ಇದನ್ನು ಹೇಳಿಕೊಳ್ಳಲು ನನಗೆ ಈಗಲೂ ನಾಚಿಕೆ. ಒಂಬತ್ತನೇ ಕ್ಲಾಸಿಗೆ ಬೆಳಕಿನ ಪಾಠ ಮಾಡುವವಳು ನಾನು. ಬಿಂಬ ದೊಡ್ಡದಾದಷ್ಟೂ ಮಂಕಾಗುತ್ತದೆ, ಅಗಲವಾದ ಮಸೂರ ಹೆಚ್ಚು ಬೆಳಕು ಹಿಡಿಯುತ್ತದೆ ಎಂದು ವರ್ಷಾ ವರ್ಷಾ ಬೋರ್ಡಿನ ಮೇಲೆ ಬರೆದು ಮಕ್ಕಳಿಗೆ ಉರು ಹೊಡೆಸುತ್ತಿದ್ದೆ. ಮೇಜಿನ ಮೇಲೆ ಅರವತ್ತು ಅನ್ನುವ ಅಂಕಿ ಕಂಡ ಕೂಡಲೇ ಆ ಪಾಠವೆಲ್ಲ ಗಾಳಿಗೆ ಹೋಯಿತು. ಹೆಬ್ಬಾತಿನ ರೆಪ್ಪೆಯನ್ನೇ ಆ ಮೇಷ್ಟರಿಗೆ ತೋರಿಸುತ್ತೇನೆ ಅಂದುಕೊಂಡು ಚರ್ಮದ ಚೀಲವನ್ನು ಹೆಗಲಿಗೂ ಹಾಕಿಕೊಂಡಿದ್ದೆ.

ಮಾವ ಮಾತ್ರ ಎರಡರಲ್ಲೂ ನೋಡಿರಲಿಲ್ಲ. ಗೋಡೆಗೆ ಒರಗಿ ಕೂತು ಎಲ್ಲರ ಗದ್ದಲ ಮುಗಿಯುವವರೆಗೆ ಎಲೆ ಅಡಿಕೆ ಅಗಿಯುತ್ತಿದ್ದರು.

"ನಿನ್ ಬಾತು ನೋಡಾದು ಯಾವೊತ್ನಲ್ಲಿ ಕಣವ್ವ?" ಎಂದು ಕೇಳಿದರು.

"ಬೆಳಗ್ಗೆ ಮಾವ. ಬಿಸಿಲು ಏರಿದರೆ ಝಳ ಬಂದು ಏನೂ ಕಾಣಲ್ಲ."

"ಮತ್ತೆ ಈಗ ಉರಿಯೋ ಮಧ್ಯಾಹ್ನದಲ್ಲಿ ಏನ್ ನೋಡ್ತಾ ನಿಂತಿದ್ದೀಯೆ?"

ಮಾವ ಈರುಳ್ಳಿ ನೋಡುವ ರೀತಿ ಊರಿಗೇ ಗೊತ್ತು. ಮೂಟೆಯ ಬಾಯಲ್ಲಿ ಕಾಣುವುದನ್ನು ಮುಟ್ಟುತ್ತಲೇ ಇರಲಿಲ್ಲ, ನಡುವಿಗೆ ಕೈ ಹಾಕಿ ಬೊಗಸೆ ತುಂಬ ತೆಗೆಯುತ್ತಿದ್ದರು. ಮಧ್ಯಾಹ್ನ ಅಂತೂ ಎಂದೂ ಮಾಲು ನೋಡಿದವರಲ್ಲ. ಆ ಬಿಸಿಲಿಗೆ ಎಲ್ಲ ಈರುಳ್ಳಿಯೂ ಮದುವಣಗಿತ್ತಿ ಹಾಗೆ ಹೊಳೆಯುತ್ತದೆ ಅನ್ನುತ್ತಿದ್ದರು. ಭೀಮನಬೀಡಿನ ರೈತರು ಹನ್ನೆರಡು ಗಂಟೆಗೆ ಗಾಡಿ ತಂದರೆ ಊಟ ಹಾಕಿಸಿ, ನೆರಳಲ್ಲಿ ಮಲಗಿಸಿ, ಸಂಜೆ ಬೆಳಕು ತಣ್ಣಗಾದ ಮೇಲೆಯೇ ಮೂಟೆ ಬಿಚ್ಚಿಸುತ್ತಿದ್ದರು. ಅವತ್ತು ದುರ್ಬೀನಿಗೂ ಅದೇ ಕಾನೂನು ಆಯಿತು.

"ಲೋಡ್ ಆಯ್ತು ಮುದಲಾಳೀ, ನಾನ್ ಪೋಗಣಂ," ಎಂದು ವ್ಯಾಪಾರಿ ಹೊರಡಲು ಬಿಡಿ ಅಂತ ಗೋಗರೆದರು.

"ಕೂತ್ಕೊ ಮಾರಾಯ. ಕಾಫಿ ಕುಡಿ," ಎಂದರು ಮಾವ. ಆ ಪುಣ್ಯಾತ್ಮ ಅವತ್ತು ಆರು ಕಾಫಿ ಕುಡಿದರು.

ಸೂರ್ಯ ಬೆಟ್ಟದ ಹಿಂದೆ ಸರಿದ ಮೇಲೆ ನಾವೆಲ್ಲ ಮಂಡಿಯ ಹಿಂದಿನ ಹೊಲಕ್ಕೆ ಹೋದೆವು. ಮಾವ ಹಿರಿಯ ಹಮಾಲಿಯನ್ನು ಕರೆದು ಮೂರು ಈರುಳ್ಳಿ ಕೊಟ್ಟರು. ಒಂದು ಗಟ್ಟಿ ಮಾಲು, ಒಂದಕ್ಕೆ ಮೊಳಕೆ ಬಂದಿತ್ತು, ಇನ್ನೊಂದಕ್ಕೆ ಕಪ್ಪು ಬೂಷ್ಟು ಹಿಡಿದಿತ್ತು.

"ಓಗ್ಲಾ, ಆ ಕೊನೆ ಬೇಲಿ ಕಲ್ ಮೇಲೆ ಸಾಲಾಗಿ ಇಟ್ಬುಟ್ಟು ಬಾ. ಯಾವ್ದು ಎಲ್ಲಿಟ್ಟೆ ಅಂತ ನಂಗೂ ಏಳ್ಬ್ಯಾಡ ಕಣ್ಲಾ."

ಬೇಲಿ ನೂರು ಮಾರು ದೂರ. ಬರಿಗಣ್ಣಿಗೆ ಕಲ್ಲೇ ಸರಿಯಾಗಿ ಕಾಣುತ್ತಿರಲಿಲ್ಲ. ಸ್ಕೋಪ್ ಅಲುಗಾಡಬಾರದು ಎಂದು ಅರ್ಧ ಮೂಟೆ ರಾಗಿಯನ್ನು ಎತ್ತಿನ ಗಾಡಿಯ ಮೂಕಿಮರದ ಮೇಲೆ ಇಡಿಸಿ, ಅದರ ಮೇಲೆ ಗುಳಿ ಮಾಡಿ ಕೂರಿಸಿದರು. ಮೊದಲು ಕರಿಯದು. ಬಳೆಯನ್ನು ಅರವತ್ತಕ್ಕೆ ತಿರುಗಿಸಿದೆ. ಕುಂಬಳಕಾಯಿ ಗಾತ್ರದ ಮೂರು ಉಂಡೆ ಕಂಡವು, ಮೂರೂ ಹೊಗೆಯಲ್ಲಿ ಮುಳುಗಿದ್ದವು. ಯಾರಾದರೂ ಹತ್ತಿರ ನಡೆದರೆ ಸಾಕು, ಉಂಡೆಗಳು ಜಿಗಿಯುತ್ತಿದ್ದವು. ಇಪ್ಪತ್ತಕ್ಕೆ ಇಳಿಸಿದೆ. ಅಂಚಿನಲ್ಲಿ ನೀಲಿ ನೇರಳೆ ಬಣ್ಣ ಕಟ್ಟಿಕೊಂಡು, ಕೊಳವೆಯೊಳಗೆ ಇಣುಕಿದ ಹಾಗೆ ಇತ್ತು.

"ಯಾವ್ದು ಗಟ್ಟಿ?" ಎಂದರು ಮಾವ.

"ನಡುವಿನದು," ಎಂದು ಧೈರ್ಯ ಮಾಡಿ ಹೇಳಿದೆ. ಹಮಾಲಿ ಬಾಯಿಗೆ ಟವೆಲ್ ಅಡ್ಡ ಇಟ್ಟುಕೊಂಡು ನಕ್ಕ.

ಆಮೇಲೆ ಹಸಿರು ದಡಿಯ. ಮನಸ್ಸಿಲ್ಲದ ಮನಸ್ಸಿನಿಂದಲೇ ಕಣ್ಣಿಟ್ಟೆ. ಒಳಗೆ ದೀಪ ಹಚ್ಚಿಟ್ಟಿದ್ದಾರೇನೋ ಅನ್ನಿಸಿತು. ಹೊರಗಿನ ಹೊಲಕ್ಕಿಂತ ಸ್ಕೋಪಿನ ಒಳಗೆ ಬೆಳಕು ಜಾಸ್ತಿ ಇದ್ದಂತಿತ್ತು. ಈರುಳ್ಳಿಗಳು ಚಿಕ್ಕವೇ, ಆದರೆ ಎಡಗಡೆಯದರ ತಲೆಯಲ್ಲಿ ಹಸಿರು ಮೊಳಕೆ ಚುಚ್ಚಿಕೊಂಡಿರುವುದು, ನಡುವಿನದರ ಭುಜಕ್ಕೆ ಮಸಿ ಹತ್ತಿರುವುದು, ಬಲಗಡೆಯದರ ಸಿಪ್ಪೆ ತುಸು ಬಿಚ್ಚಿಕೊಂಡು ಗಾಳಿಗೆ ಅಲ್ಲಾಡುವುದು, ಎಲ್ಲ ಕಂಡಿತು. ಜೋರಾಗಿ ಒಂದೊಂದಾಗಿ ಹೇಳಿದೆ. ಹಮಾಲಿ ಮೂರಕ್ಕೂ ತಲೆಯಾಡಿಸಿದ. ಅರವತ್ತು ನಂಬಿದ್ದರೆ ಬೂಷ್ಟು ಹಿಡಿದ ಈರುಳ್ಳಿಯನ್ನು ಒಳ್ಳೆಯದು ಎಂದು ಮನೆಗೆ ತರುತ್ತಿದ್ದೆ.

"ಇದೇ ಕಣವ್ವ ನಿನ್ ಮಾಲು," ಎಂದರು ಮಾವ. ಚರ್ಮದ ಚೀಲವನ್ನು ಹೆಗಲಿನಿಂದ ಇಳಿಸಿ ವ್ಯಾಪಾರಿಗೆ ಕೊಡುವಾಗ ಸ್ವಲ್ಪ ಹೊಟ್ಟೆ ಉರಿಯಿತು, ಸುಳ್ಳೇಕೆ. ಚೀಲ ಅಷ್ಟು ಚೆನ್ನಾಗಿತ್ತು. ದಡಿಯನಿಗೆ ನಮ್ಮತ್ತೆ ಹಳೆಯ ಕಂಬಳಿ ಕತ್ತರಿಸಿ ಒಂದು ಚೀಲ ಹೊಲಿದುಕೊಟ್ಟರು.

ಅಲ್ಲಿಂದ ಮೂರು ತಿಂಗಳು ನಾನು ಅದನ್ನು ಬಿಟ್ಟಿರಲಿಲ್ಲ. ಮಾವ ಈರುಳ್ಳಿ ನೋಡಲು ಭೀಮನಬೀಡಿನ ಕಡೆ ಹೊರಟರೆ ಟೆಂಪೋ ಹತ್ತಿ ನಾನೂ ಹೋಗುತ್ತಿದ್ದೆ. ಬದುವಿನ ಮೇಲೆ ರಾಗಿ ಚೀಲ ಇಟ್ಟು, ದೂರದ ಮರದಲ್ಲಿ ಕೂತ ಗಿಳಿಯನ್ನು ಹುಡುಕಿ ಹಿಡಿಯುವುದನ್ನು ಕಲಿತೆ. ಮೊದಮೊದಲು ಆಕಾಶ, ಎಲೆ, ಮತ್ತೆ ಆಕಾಶ ಇಷ್ಟೇ ಸಿಕ್ಕುತ್ತಿತ್ತು. ಹೊಲದ ಹೆಂಗಸರು, "ಮೇಡಮ್ಮ ಏನ್ ಸರ್ವೇನಾ?" ಎಂದು ಕೇಳಿ, ತಾವೂ ಒಂದು ಕಣ್ಣು ಮುಚ್ಚಿ ನೋಡಿ ಹೋಗುತ್ತಿದ್ದರು. ಡಿಸೆಂಬರ್ ಕೊನೆಗೆ ಕುದೇರಿನಿಂದ ಅತ್ತಿಗೆ ಹೇಳಿಕಳಿಸಿದರು, "ನಿನ್ ಪಟ್ಟೆ ಬಾತು ಬಂದವೆ."

ಜನವರಿಯ ಎಣಿಕೆಗೆ ಅದೇ ತಂಡ, ಅದೇ ಮುಖ್ಯಸ್ಥರು. ಚಾಮರಾಜನಗರದ ಪ್ರವಾಸಿ ಮಂದಿರದಲ್ಲಿ ಉಳಿದಿದ್ದರು. ಹತ್ತು ಗಂಟೆಗೆ ಹೊರಡುತ್ತೇವೆ ಎಂದು ತಿಳಿಸಿದ್ದರು. ಹತ್ತಕ್ಕೆ ಹೊರಟರೆ ಮತ್ತೆ ಅದೇ ಝಳ, ಅದೇ ನಗು. ಹಿಂದಿನ ದಿನವೇ ಕುದೇರಿಗೆ ಬಂದು ನಾನು ಕೈ ಹೊಸಕಿಕೊಳ್ಳುತ್ತಿದ್ದರೆ ಮಾವ ಬೆಳಗ್ಗೆ ಆರಕ್ಕೇ ಟೆಂಪೋ ತೆಗೆದುಕೊಂಡು ಹೋಗಿ ಪ್ರವಾಸಿ ಮಂದಿರದ ಬಾಗಿಲು ಬಡಿದರಂತೆ. ಒಂದು ಕೈಯಲ್ಲಿ ಕಾಫಿ ಫ್ಲಾಸ್ಕು.

"ಏಳಿ ಸಾ, ಕೆರೆ ಕಾಯ್ತಾ ಅದೆ."

ಈರುಳ್ಳಿ ವಾಸನೆಯ ಟೆಂಪೋದಲ್ಲಿ ಕೂತು ಬಂದ ಮುಖ್ಯಸ್ಥರ ಮುಖ ಅಷ್ಟೇನೂ ಪ್ರಸನ್ನವಾಗಿರಲಿಲ್ಲ. ಏಳೂವರೆಗೆ ಎಲ್ಲರೂ ಏರಿಯ ಮೇಲಿದ್ದೆವು. ಸೂರ್ಯ ನಮ್ಮ ಬೆನ್ನಿಗಿದ್ದ, ನೀರಿನ ಮೇಲೆ ಮಂಜು ತೆಳ್ಳಗಾಗುತ್ತಿತ್ತು. ಎಡಗಡೆ, ಹೋದ ವರ್ಷದಂತೆಯೇ, ಬಾತು ಮೇಯಿಸುವವರ ಹಿಂಡು. ಮುಖ್ಯಸ್ಥರು ಅದನ್ನು ಕಂಡು ನನ್ನ ಕಡೆ ತಿರುಗಿ ಹುಬ್ಬೇರಿಸಿದರು. ನಾನು ರಾಗಿ ಚೀಲ ಇಟ್ಟೆ, ದಡಿಯನನ್ನು ಕೂರಿಸಿದೆ, ಬಲ ತುದಿಯಿಂದ ನಿಧಾನವಾಗಿ ದಡವನ್ನು ನೋಡುತ್ತ ಬಂದೆ.

ನಾಮಗೋಳಿ. ನಾಮಗೋಳಿ. ಒಂದು ಬೂದು ಬಕ. ಮತ್ತೆ ನಾಮಗೋಳಿ, ಹಣೆಗೆ ಬಿಳಿ ನಾಮದ ಅದೇ ಕರಿ ನೀರುಕೋಳಿ. ರಾತ್ರಿ ಮೇಯಲು ಹೋದವು ಇನ್ನೂ ವಾಪಸು ಬಂದಿಲ್ಲದಿದ್ದರೆ? ಬೇರೆ ಕೆರೆಗೆ ಹೋಗಿಬಿಟ್ಟಿದ್ದರೆ? ಕೆಸರುದಿಣ್ಣೆಯ ಹತ್ತಿರ ಬಂದಾಗ ಬೂದು ಬಣ್ಣದ ಒಂದು ಸಾಲು ಉಂಡೆಗಳು ಕಂಡವು. ಅವೇ. ಆದರೆ ಒಂದೊಂದೂ ತಲೆಯನ್ನು ರೆಕ್ಕೆಯೊಳಗೆ ತೂರಿಸಿಕೊಂಡು ನಿದ್ದೆ ಹೊಡೆಯುತ್ತಿತ್ತು. ಪಟ್ಟೆ ಇರುವುದೇ ತಲೆಯಲ್ಲಿ. ತಲೆ ಇಲ್ಲದೆ ನಾನು ಏನನ್ನು ತೋರಿಸಲಿ?

ಮುಖ್ಯಸ್ಥರು ತಮ್ಮ ಬೈನಾಕ್ಯುಲರಿನಲ್ಲಿ ನಾನು ತಿರುಗಿಸಿದ್ದ ಕಡೆ ನೋಡಿದರು. "ಅದು ಕಲ್ಲು ಮೇಡಂ," ಎಂದರು.

"ಸ್ವಲ್ಪ ತಾಳಿ ಸಾರ್."

"ಇನ್ನೂ ಮೂರು ಕೆರೆ ಇದೆ ನಮಗೆ."

"ಆರು ಗಂಟೆಗೆ ಎದ್ದು ಬಂದಿದೀರಿ, ಹತ್ತು ನಿಮಿಷ ನಿಲ್ಲಕ್ಕಾಗಲ್ವಾ?" ಎಂದುಬಿಟ್ಟೆ. ತರಗತಿಯಲ್ಲಿ ಕೊನೇ ಬೆಂಚಿಗೆ ಹೇಳುವ ಗಂಟಲಿನಲ್ಲಿಯೇ ಬಂತು ಆ ಮಾತು. ಅವರು ನಿಂತರು.

ಬಿಸಿಲು ದಿಣ್ಣೆಯನ್ನು ಮುಟ್ಟಿತು. ಒಂದು ಉಂಡೆ ಅಲುಗಿತು. ಕತ್ತು ಮೇಲೆ ಬಂತು, ಬಿಳಿ ತಲೆ, ಅದರ ಹಿಂದೆ ಎರಡು ಕಪ್ಪು ಪಟ್ಟೆ, ಇದ್ದಿಲಿನಿಂದ ಎಳೆದಷ್ಟು ಸ್ಪಷ್ಟ. ಕೂಗಬೇಕೆನ್ನಿಸಿತು, ತಡೆದುಕೊಂಡೆ. ಇನ್ನೊಂದು ಎದ್ದಿತು. ಮೂರನೆಯದು ರೆಕ್ಕೆ ಅಗಲಿಸಿ ಆಕಳಿಸಿತು. ನಾಲ್ಕು ತಲೆ ಏಳುವವರೆಗೂ ಕಾದು, ಸ್ಕೋಪಿಗೆ ಕೈ ತಾಗದಂತೆ ಪಕ್ಕಕ್ಕೆ ಸರಿದೆ.

"ಈಗ ಬನ್ನಿ ಸಾರ್."

ಮುಖ್ಯಸ್ಥರು ಟೋಪಿ ತೆಗೆದು, ಕನ್ನಡಕ ತೆಗೆದು, ಏರಿಯ ಮಣ್ಣಿನ ಮೇಲೆ ಮಂಡಿಯೂರಿ ಕಣ್ಣಿಟ್ಟರು. ಎಷ್ಟು ಹೊತ್ತು ಎಂದು ಗೊತ್ತಿಲ್ಲ, ಎದ್ದೇಳಲೇ ಇಲ್ಲ. ಅವರ ತುಟಿ ಅಲ್ಲಾಡುತ್ತಿತ್ತು, ಎಣಿಸುತ್ತಿದ್ದರು. ಹಿಂದಿನಿಂದ ಮಾವ ನನ್ನ ಮೊಣಕೈ ತಿವಿದು, "ಕಲ್ಲು ಎಣುಸ್ತಾ ಅವ್ನೇನವ್ವ?" ಎಂದು ಪಿಸುಗುಟ್ಟಿದರು. ನಗು ತಡೆಯಲಾರದೆ ಸೆರಗು ಕಚ್ಚಿಕೊಂಡೆ.

"ಹತ್ತೊಂಬತ್ತು," ಎಂದರು ಮುಖ್ಯಸ್ಥರು.

"ಹದಿನೆಂಟು," ಎಂದೆ ನಾನು.

"ಬಲಗಡೆ ಬಕದ ಹಿಂದೆ ಇನ್ನೊಂದಿದೆ, ನೋಡಿ." ನೋಡಿದೆ, ಇತ್ತು. ಆ ಒಂದನ್ನು ಅವರಿಗೇ ಬಿಟ್ಟುಕೊಟ್ಟೆ.

ತಂಡದವರು ಒಬ್ಬೊಬ್ಬರಾಗಿ ಮಂಡಿಯೂರಿ ನೋಡಿದರು. ಮಾವ ನೋಡಿ, "ಎರಡು ಪಟ್ಟೆ ಅವೆ ಕಣ್ರಪ್ಪ, ಎರಡು!" ಎಂದು ಕೂಗಿದ್ದಕ್ಕೆ ಬಾತು ಮೇಯಿಸುವವರೂ ಕೋಲು ಹಿಡಿದುಕೊಂಡು ಏರಿ ಹತ್ತಿ ಬಂದರು. ಅವರೂ ನೋಡಿದರು. "ಇದು ನಮ್ಮದಲ್ಲ," ಎಂದು ಅವರ ಹಿರಿಯ ತಮಿಳಿನಲ್ಲಿ ಹೇಳಿದ್ದನ್ನು ನಾನು ಮುಖ್ಯಸ್ಥರಿಗೆ ಬೇಕಂತಲೇ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಅಷ್ಟು ಕೆಟ್ಟತನ ನನ್ನಲ್ಲಿ ಇತ್ತು, ಈಗಲೂ ಇದೆ.

ಅವರು ಕನ್ನಡಕ ಹಾಕಿಕೊಂಡು, ಚೀಲದಿಂದ ಹಳೆಯ ಪಟ್ಟಿಯನ್ನೂ ಹೊಸದನ್ನೂ ತೆಗೆದರು. "ಹೋದ ವರ್ಷ ನಾನು ತಪ್ಪು ಮಾಡಿದೆ ಮೇಡಂ," ಎಂದರು. ಎಲ್ಲರ ಎದುರಿಗೆ, ಗಟ್ಟಿಯಾಗಿಯೇ ಹೇಳಿದರು.

ಪರವಾಗಿಲ್ಲ ಸಾರ್ ಅನ್ನುವುದು ಮರ್ಯಾದೆ. "ಹೌದು ಸಾರ್, ಮಾಡಿದಿರಿ," ಎಂದೆ.

ಹಳೆಯ ಪಟ್ಟಿಯಲ್ಲಿ ಗೆರೆ ಎಳೆದಿದ್ದ ಸಾಲಿನ ಕೆಳಗೆ ಹನ್ನೊಂದು ಎಂದು ಬರೆದು ಸಹಿ ಹಾಕಿದರು. ಹೊಸ ಪಟ್ಟಿಯಲ್ಲಿ ಪಟ್ಟೆತಲೆ ಹೆಬ್ಬಾತು, ಹತ್ತೊಂಬತ್ತು ಎಂದು ಬರೆದರು. ಕೊನೆಯ ಕಲಂನಲ್ಲಿ ಮೊದಲು ನೋಡಿದವರ ಹೆಸರು ಬರೆಯಬೇಕಿತ್ತು. ಅಲ್ಲಿ ಪೆನ್ನು ನಿಲ್ಲಿಸಿ, ನನ್ನ ಪೂರ್ತಿ ಹೆಸರೇನು ಎಂದು ಕೇಳಿದರು.

"ಕೊಡಿ ಸಾರ್, ನಾನೇ ಬರೀತೀನಿ," ಎಂದು ಅವರ ಕೈಯಿಂದ ಪೆನ್ನು ತೆಗೆದುಕೊಂಡು, ಬೋರ್ಡಿನ ಮೇಲೆ ಬರೆಯುವಷ್ಟು ದೊಡ್ಡ ಅಕ್ಷರದಲ್ಲಿ ಬರೆದೆ. ಕಲಂ ಸಾಲದೆ ಹೆಸರು ಪಕ್ಕದ ಅಂಚಿಗೂ ಹೋಯಿತು.